ಗಂಟೆಗೆ ಎಷ್ಟು ಟನ್? ಮೊದಲು ಎಷ್ಟು ನುಣ್ಣಗೆ ಅಂತ ಹೇಳಿ

ಅದಿರು ಅರೆಯುವ ಬಾಲ್ ಮಿಲ್ ಮಾರುವವರ ಕ್ಯಾಟಲಾಗ್ ತೆರೆದು ನೋಡಿ. ಮಿಲ್ಲಿನ ಅಡ್ಡಳತೆ, ಉದ್ದ, ಮೋಟಾರಿನ ಕಿಲೋವ್ಯಾಟ್, ಒಳಗೆ ತುಂಬುವ ಉಕ್ಕಿನ ಗುಂಡುಗಳ ತೂಕ, ಎಲ್ಲಕ್ಕೂ ಒಂದೊಂದು ಖಚಿತ ಅಂಕಿ ಇರುತ್ತದೆ. ಸಾಮರ್ಥ್ಯದ ಕಾಲಮ್ಮಿಗೆ ಬಂದಾಗ ಮಾತ್ರ ಅಂಕಿ ಜಾರಿಕೊಳ್ಳುತ್ತದೆ. ಗಂಟೆಗೆ ಇಷ್ಟರಿಂದ ಇಷ್ಟು ಟನ್ ಅಂತ ಬರೆದಿರುತ್ತಾರೆ. ಆ ಎರಡು ತುದಿಗಳ ನಡುವೆ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಅಂತರ. ಯಂತ್ರ ಒಂದೇ, ಮೋಟಾರು ಒಂದೇ, ಆದರೆ ಟನ್ ಮಾತ್ರ ಬೇರೆ ಬೇರೆ.

ಇದು ಮಾರುವವರ ಜಾಣತನ ಅಲ್ಲ. ಹಿಟ್ಟಿನ ಗಿರಣಿಗೆ ಗೋಧಿ ಡಬ್ಬ ಹಿಡಿದು ಹೋಗಿ. ಗಿರಣಿಯವನು ಮೊದಲು ಕೇಳುವುದು ‘ರವೆನಾ, ಹಿಟ್ಟಾ?’ ಅಂತ. ತರಿ ಬೇಕು ಅಂದರೆ ಕಲ್ಲು ಸಡಿಲ ಮಾಡುತ್ತಾನೆ, ಗೋಧಿ ದಡದಡ ಇಳಿದುಬಿಡುತ್ತದೆ. ಚಪಾತಿಗೆ ಅಂದರೆ ಕಲ್ಲು ಬಿಗಿ ಮಾಡುತ್ತಾನೆ, ನೀವು ಬೆಂಚಿನ ಮೇಲೆ ಕೂತು ಕಾಯಬೇಕು. ಅವನ ಗಿರಣಿಗೆ ಗಂಟೆಗೆ ಎಷ್ಟು ಕೆಜಿ ಸಾಮರ್ಥ್ಯ ಅಂತ ಕೇಳಿದರೆ ಅವನೂ ಒಂದೇ ಅಂಕಿ ಹೇಳಲಾರ. ಬಾಲ್ ಮಿಲ್ಲಿನ ಕಥೆಯೂ ಇದೇ. ವ್ಯತ್ಯಾಸ ಏನೆಂದರೆ, ಇಲ್ಲಿ ಎಷ್ಟು ನುಣ್ಣಗೆ ಅರೆದರೆ ಎಷ್ಟು ಟನ್ ಕೈಬಿಡುತ್ತದೆ ಅಂತ ಲೆಕ್ಕ ಹಾಕಿ ಹೇಳಬಹುದು.

ಮೊದಲು ಯಂತ್ರ ನೋಡೋಣ. ಬಾಲ್ ಮಿಲ್ ಅಂದರೆ ಮಲಗಿಸಿದ ದೊಡ್ಡ ಉಕ್ಕಿನ ಡ್ರಮ್ಮು. ಒಳಗೋಡೆಗೆ ರಬ್ಬರ್ ಅಥವಾ ಉಕ್ಕಿನ ಲೈನರ್. ಹೊಟ್ಟೆಯ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಉಕ್ಕಿನ ಗುಂಡುಗಳು. ಕ್ರಷರ್‌ನಲ್ಲಿ ಒಡೆದು ಬಂದ ಅದಿರು ನೀರಿನ ಜೊತೆ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ಅರೆದ ಕೆಸರು ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ. ಈ ಕೆಸರಿಗೆ ಪ್ಲಾಂಟಿನಲ್ಲಿ ಸ್ಲರಿ ಅನ್ನುತ್ತಾರೆ. ಡ್ರಮ್ಮು ತಿರುಗುವಾಗ ಗುಂಡುಗಳು ಗೋಡೆ ಹಿಡಿದು ಮೇಲೇರಿ, ಒಂದು ಎತ್ತರದಲ್ಲಿ ಹಿಡಿತ ಬಿಟ್ಟು ಉರುಳುತ್ತವೆ, ಬೀಳುತ್ತವೆ. ಬೀಳುವ ಗುಂಡು ಕಲ್ಲನ್ನು ಕುಟ್ಟುತ್ತದೆ, ಉರುಳುವ ಗುಂಡು ತಿಕ್ಕುತ್ತದೆ. ಒರಳು ಮತ್ತು ರುಬ್ಬುವ ಕಲ್ಲು ಎರಡೂ ಒಂದೇ ಡ್ರಮ್ಮಿನಲ್ಲಿ ಇದ್ದ ಹಾಗೆ. ತೀರಾ ಜೋರಾಗಿ ತಿರುಗಿಸಿದರೆ ಗುಂಡುಗಳು ಗೋಡೆಗೇ ಅಂಟಿಕೊಂಡು ಸುಮ್ನೆ ಸುತ್ತುತ್ತವೆ, ಕೆಲಸ ಆಗುವುದಿಲ್ಲ. 4 ಮೀಟರ್ ಅಡ್ಡಳತೆಯ ಮಿಲ್ಲಿಗೆ ಆ ಮಿತಿ ನಿಮಿಷಕ್ಕೆ ಸುಮಾರು 21 ಸುತ್ತು. ಅದರ ಮುಕ್ಕಾಲು ಭಾಗದಲ್ಲಿ, ಅಂದರೆ 15–16 ಸುತ್ತಿನಲ್ಲಿ ಓಡಿಸುತ್ತಾರೆ.

ಈಗ ಬರುವುದು ಎಲ್ಲದಕ್ಕೂ ಮೂಲವಾದ ವಿಷಯ. ಹೊಸದಾಗಿ ಪ್ಲಾಂಟಿಗೆ ಬಂದ ಎಷ್ಟೋ ಎಂಜಿನಿಯರ್‌ಗಳಿಗೂ ಇದು ತಕ್ಷಣ ಹೊಳೆಯುವುದಿಲ್ಲ. ಮಿಲ್ ತಿನ್ನುವ ಕರೆಂಟು ಬಹುಮಟ್ಟಿಗೆ ಖರ್ಚಾಗುವುದು ಗುಂಡುಗಳನ್ನು ಎತ್ತುವುದಕ್ಕೆ. ದೊಡ್ಡ ಮಿಲ್ಲಿನಲ್ಲಿ ಗುಂಡುಗಳೇ ಹತ್ತಾರು ಟನ್ ತೂಗುತ್ತವೆ, ಅವುಗಳ ಮುಂದೆ ಅದಿರಿನ ಕೆಸರಿನ ತೂಕ ಸಣ್ಣದು. ಹಾಗಾಗಿ ಗಂಟೆಗೆ 60 ಟನ್ ಅದಿರು ಹಾಕಿದರೂ 100 ಟನ್ ಹಾಕಿದರೂ ಮೋಟಾರು ಎಳೆಯುವ ಕರೆಂಟು ಹೆಚ್ಚುಕಡಿಮೆ ಅಷ್ಟೇ. ಮಿಲ್ಲಿಗೆ ತಿಂಗಳ ಸಂಬಳದ ಹಾಗೆ ಗಂಟೆಗೆ ಇಷ್ಟು ಅಂತ ಶಕ್ತಿ ನಿಗದಿಯಾಗಿದೆ. ಒಂದು ಟನ್ನಿಗೆ ಜಾಸ್ತಿ ಖರ್ಚು ಮಾಡಿದರೆ ಕಡಿಮೆ ಟನ್‌ಗಳು. ಲೆಕ್ಕ ಸರಳ: ಮಿಲ್ಲಿನ ಕಿಲೋವ್ಯಾಟನ್ನು ಒಂದು ಟನ್ ಅರೆಯಲು ಬೇಕಾದ ಯೂನಿಟ್‌ನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಟನ್ ಅಂತ ಸಿಗುತ್ತದೆ. ಯೂನಿಟ್ ಅಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟೇ.

ಹಾಗಾದರೆ ಒಂದು ಟನ್ನಿಗೆ ಎಷ್ಟು ಯೂನಿಟ್? ಈ ಪ್ರಶ್ನೆಯ ಮೇಲೆ ನೂರು ವರ್ಷ ಜಗ್ಗಾಟ ನಡೆದಿದೆ. ಶಕ್ತಿ ಹೊಸದಾಗಿ ಹುಟ್ಟುವ ಮೇಲ್ಮೈಗೆ ತಕ್ಕಂತೆ ಖರ್ಚಾಗುತ್ತದೆ ಅಂತ 1867ರಲ್ಲಿ ರಿಟಿಂಗರ್ ಹೇಳಿದ. ಅಲ್ಲ, ಗಾತ್ರ ಎಷ್ಟು ಪಾಲು ಇಳಿಯಿತು ಅನ್ನುವುದೇ ಮುಖ್ಯ ಅಂತ 1885ರಲ್ಲಿ ಕಿಕ್ ಹೇಳಿದ. ಕಿಕ್ ಲೆಕ್ಕದಲ್ಲಿ 10 ಸೆಂಟಿಮೀಟರ್ ಕಲ್ಲನ್ನು 5 ಮಾಡುವುದೂ ಒಂದೇ, ಮರಳಿನ ಕಾಳನ್ನು ಅರ್ಧ ಮಾಡುವುದೂ ಒಂದೇ. ಅಮೆರಿಕದ ಆಲಿಸ್ ಚಾಲ್ಮರ್ಸ್ ಕಂಪನಿಯಲ್ಲಿದ್ದ ಫ್ರೆಡ್ ಬಾಂಡ್ 1952ರಲ್ಲಿ ಇಬ್ಬರ ನಡುವಿನ ದಾರಿ ಹಿಡಿದ. ಕಾರ್ಖಾನೆಗಳ ಅಂಕಿಗಳನ್ನು ಗುಡ್ಡೆ ಹಾಕಿಕೊಂಡು ಅವನು ಕೊಟ್ಟ ಸೂತ್ರ ಇದು:

ಟನ್ನಿಗೆ ಯೂನಿಟ್ = 10 × ವರ್ಕ್ ಇಂಡೆಕ್ಸ್ × (1/√ಪಿ80 − 1/√ಎಫ್80)

ನೋಡಲು ಗಾಬರಿ ಹುಟ್ಟಿಸಿದರೂ ಒಳಗೆ ಇರುವುದು ಮೂರೇ ಸಂಗತಿ. ಅರೆದ ಮಾಲು ಎಂದೂ ಒಂದೇ ಗಾತ್ರದಲ್ಲಿ ಇರುವುದಿಲ್ಲ, ಪುಡಿಯೂ ಇರುತ್ತದೆ ತರಿಯೂ ಇರುತ್ತದೆ. ಅದಕ್ಕೆ ನೂರು ಕೆಜಿಯಲ್ಲಿ 80 ಕೆಜಿ ಯಾವ ಜರಡಿ ದಾಟುತ್ತದೋ ಆ ಕಣ್ಣಿನ ಅಳತೆಯನ್ನು ಪಿ80 ಅನ್ನುತ್ತಾರೆ. ಒಳಗೆ ಹೋಗುವ ಮಾಲಿಗೆ ಅದೇ ಅಳತೆ ಎಫ್80. ಎರಡೂ ಮೈಕ್ರಾನ್‌ನಲ್ಲಿ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಪ್ಲಾಂಟುಗಳಲ್ಲಿ ಪದೇ ಪದೇ ಕೇಳಿಬರುವ 200 ಮೆಶ್ ಜರಡಿಯ ಕಣ್ಣು 75 ಮೈಕ್ರಾನ್, ನಮ್ಮ ತಲೆಗೂದಲಿನ ದಪ್ಪದ ಆಸುಪಾಸು. ಇನ್ನು ವರ್ಕ್ ಇಂಡೆಕ್ಸ್ ಅಂದರೆ ಆ ಅದಿರು ಎಷ್ಟು ಹಟಮಾರಿ ಅನ್ನುವ ಅಂಕಿ. ದೊಡ್ಡ ಬಂಡೆಯಿಂದ ಶುರು ಮಾಡಿ 100 ಮೈಕ್ರಾನ್‌ಗೆ ಇಳಿಸಲು ಟನ್ನಿಗೆ ಎಷ್ಟು ಯೂನಿಟ್ ಬೇಕೋ ಅಷ್ಟು. ಇದನ್ನು ಅಳೆಯಲು ಒಂದಡಿ ಉದ್ದ, ಒಂದಡಿ ಅಗಲದ ಪುಟ್ಟ ಮಿಲ್ ಇದೆ. ಅದರೊಳಗೆ ಎಣಿಸಿ 285 ಗುಂಡು ಹಾಕುತ್ತಾರೆ. ಲಕ್ಷಾಂತರ ಟನ್ ಅರೆಯುವ ಪ್ಲಾಂಟಿನ ಭವಿಷ್ಯ ಈ ಅಡುಗೆ ಪಾತ್ರೆಯಂಥ ಮಿಲ್ಲಿನಲ್ಲಿ ತೀರ್ಮಾನವಾಗುತ್ತದೆ ಅನ್ನುವುದು ನನಗೆ ಈಗಲೂ ಸೋಜಿಗ.

ಒಂದು ಲೆಕ್ಕ ಹಾಕಿ ನೋಡೋಣ. ಮಿಲ್ಲಿಗೆ ಸಿಗುವ ಶಕ್ತಿ 1,000 ಕಿಲೋವ್ಯಾಟ್, ಅದಿರಿನ ವರ್ಕ್ ಇಂಡೆಕ್ಸ್ 14, ಒಳಗೆ ಹೋಗುವ ಅದಿರು 10 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಇವು ನಾನು ಲೆಕ್ಕಕ್ಕೆ ಹಿಡಿದ ಅಂಕಿಗಳು, ಆದರೆ ಗಟ್ಟಿ ಬೆಣಚುಕಲ್ಲಿನ ಅದಿರಿಗೆ ಹೊಂದುವಂಥವೇ.

212 ಮೈಕ್ರಾನ್‌ಗೆ ಅರೆದರೆ: ಟನ್ನಿಗೆ 8.2 ಯೂನಿಟ್, ಗಂಟೆಗೆ 122 ಟನ್
150 ಮೈಕ್ರಾನ್: 10.0 ಯೂನಿಟ್, 100 ಟನ್
106 ಮೈಕ್ರಾನ್: 12.2 ಯೂನಿಟ್, 82 ಟನ್
75 ಮೈಕ್ರಾನ್: 14.8 ಯೂನಿಟ್, 68 ಟನ್
53 ಮೈಕ್ರಾನ್: 17.8 ಯೂನಿಟ್, 56 ಟನ್
38 ಮೈಕ್ರಾನ್: 21.3 ಯೂನಿಟ್, 47 ಟನ್

ಕ್ಯಾಟಲಾಗಿನ ಆ ಇಷ್ಟರಿಂದ ಇಷ್ಟು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು ಅಲ್ವಾ? ಒಂದೇ ಮಿಲ್ಲು 122 ಟನ್ನಿನದೂ ಹೌದು, 47 ಟನ್ನಿನದೂ ಹೌದು. ಕೊನೆಯ ಎರಡು ಸಾಲಿನಲ್ಲಿ ನಿಜಸ್ಥಿತಿ ಇನ್ನೂ ಕೆಟ್ಟದ್ದು. 75 ಮೈಕ್ರಾನ್‌ಗಿಂತ ಕೆಳಗಿಳಿದರೆ ಸೂತ್ರ ಹೇಳಿದ್ದಕ್ಕಿಂತ ಜಾಸ್ತಿ ಶಕ್ತಿ ಬೇಕಾಗುತ್ತದೆ ಅಂತ ಅನುಭವದಿಂದ ತಿಳಿದು, ಅದಕ್ಕೊಂದು ತಿದ್ದುಪಡಿಯ ಗುಣಕ ಸೇರಿಸುತ್ತಾರೆ. ಅದನ್ನು ಹಾಕಿದರೆ 38 ಮೈಕ್ರಾನ್‌ನ 47 ಟನ್ 42ಕ್ಕೆ ಇಳಿಯುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ಪಾಠ ಅಡಗಿದೆ. ಮಿಲ್ ಸಾಲುತ್ತಿಲ್ಲ ಅಂದಾಗ ಹಲವರು ಮೊದಲು ಹೇಳುವುದು, ಕ್ರಷರ್‌ನಲ್ಲೇ ಇನ್ನಷ್ಟು ಸಣ್ಣಗೆ ಒಡೆದು ಕೊಡಿ ಅಂತ. ಸರಿ, 10 ಮಿಲಿಮೀಟರ್ ಬದಲು 5 ಮಿಲಿಮೀಟರ್ ಕೊಟ್ಟೆವು, ಅಂದರೆ ಪೂರ್ತಿ ಅರ್ಧ. 75 ಮೈಕ್ರಾನ್‌ನಲ್ಲಿ 68 ಟನ್ ಇದ್ದದ್ದು 70 ದಾಟುತ್ತದೆ, ಅಷ್ಟೇ. ಅದೇ ಹೊರಬರುವ ಮಾಲನ್ನು 75ರಿಂದ 106 ಮೈಕ್ರಾನ್‌ಗೆ ಸಡಿಲಿಸಿದರೆ 14 ಟನ್ ಜಾಸ್ತಿ. ಕ್ರಷರ್ ಸರಿಯಿಟ್ಟುಕೊಳ್ಳಬೇಡಿ ಅಂತಲ್ಲ, ಹಣ ಎಲ್ಲಿ ಸೋರುತ್ತಿದೆ ಅಂತ ತಿಳಿದಿರಲಿ.

ಸಣ್ಣದಾದಷ್ಟೂ ಕಲ್ಲು ಯಾಕೆ ಇಷ್ಟು ಮೊಂಡು ಹಿಡಿಯುತ್ತದೆ? ಒಂದು ಕಾರಣ ಬಿರುಕು. ದೊಡ್ಡ ಬಂಡೆಯಲ್ಲಿ ಹುಟ್ಟಿನಿಂದ ಬಂದ ಬಿರುಕು, ಗಣಿಯ ಸ್ಫೋಟದಲ್ಲಿ ಆದ ಬಿರುಕು ಬೇಕಾದಷ್ಟು ಇರುತ್ತವೆ. ಏಟು ಬಿದ್ದರೆ ಮೊದಲು ಅಲ್ಲೇ ಸೀಳುತ್ತದೆ. ಒಡೆದ ಪ್ರತಿ ಸಲವೂ ದುರ್ಬಲ ಜಾಗಗಳು ಖಾಲಿಯಾಗುತ್ತಾ ಹೋಗುತ್ತವೆ. ಕೊನೆಗೆ ಉಳಿಯುವ ಕಾಳು ಒಡೆಯಲು ಬಿರುಕೇ ಇಲ್ಲದ ಗಟ್ಟಿಪಿಂಡ. ಇನ್ನೊಂದು ಕಾರಣ ಎಣಿಕೆ. ಒಂದು ಕಾಳಿನ ಅಡ್ಡಳತೆ ಅರ್ಧಕ್ಕೆ ಇಳಿದರೆ ಅದೇ ತೂಕಕ್ಕೆ ಎಂಟು ಕಾಳು. ಪ್ರತಿಯೊಂದೂ ಯಾವುದೋ ಎರಡು ಗುಂಡಿನ ನಡುವೆ ಸಿಕ್ಕಿಬೀಳಬೇಕು. ಮಿಲ್ಲಿಗೆ ಗುರಿ ಇಟ್ಟು ಹೊಡೆಯಲು ಬರುವುದಿಲ್ಲ. ಗುಂಡು ಗುಂಡಿಗೇ ಬಡಿದು, ಲೈನರ್‌ಗೆ ಬಡಿದು, ಶಕ್ತಿಯ ಬಹುಪಾಲು ಶಾಖವಾಗಿ, ಸದ್ದಾಗಿ ಹೋಗುತ್ತದೆ. ಅರೆದ ಕೆಸರು ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಇದರ ಮೇಲೆ, ನುಣ್ಣನೆಯ ಪುಡಿ ಜಾಸ್ತಿಯಾದಷ್ಟೂ ಕೆಸರು ದೋಸೆ ಹಿಟ್ಟಿನ ಹಾಗೆ ಗಟ್ಟಿಯಾಗಿ, ಗುಂಡಿನ ಏಟಿಗೆ ಹಾಸಿಗೆ ಹಾಸಿದಂತೆ ಆಗುತ್ತದೆ.

ಗುಂಡಿನ ಗಾತ್ರ ಬದಲಿಸಿ ಸ್ವಲ್ಪ ಗೆಲ್ಲಬಹುದು. 80 ಮಿಲಿಮೀಟರ್ ಗುಂಡು ಒಂದರ ತೂಕಕ್ಕೆ 40 ಮಿಲಿಮೀಟರ್ ಗುಂಡು ಎಂಟು ಬರುತ್ತವೆ, ಒಟ್ಟು ಮೇಲ್ಮೈ ಎರಡು ಪಟ್ಟಾಗುತ್ತದೆ. ನುಣ್ಣಗೆ ಅರೆಯಲು ಇದು ಒಳ್ಳೆಯದು. ಆದರೆ ಒಳಗೆ ಬರುವ ದಪ್ಪ ಕಲ್ಲನ್ನು ಸೀಳಲು ಸಣ್ಣ ಗುಂಡಿಗೆ ತ್ರಾಣ ಇಲ್ಲ. ಹಾಗಾಗಿ ಎರಡು ಹಂತದಲ್ಲಿ ಅರೆಯುವ ಕಡೆ ಎರಡನೇ ಮಿಲ್ಲಿಗೆ ಸಣ್ಣ ಗುಂಡು ಇಡುತ್ತಾರೆ.

ಮಿಲ್ಲೊಂದೇ ನುಣುಪನ್ನು ತೀರ್ಮಾನಿಸುವುದಿಲ್ಲ. ಹೊರಬಂದ ಕೆಸರು ಹೈಡ್ರೋಸೈಕ್ಲೋನ್ ಅನ್ನುವ ಆಲಿಕೆಯಂಥ ಪಾತ್ರೆಗೆ ಹೋಗಿ ಅಲ್ಲಿ ಗರಗರ ಸುತ್ತುತ್ತದೆ. ನುಣ್ಣನೆಯದು ನೀರಿನ ಜೊತೆ ಮೇಲಿನಿಂದ ಮುಂದಿನ ಹಂತಕ್ಕೆ, ತರಿ ಕೆಳಗಿನಿಂದ ವಾಪಸ್ ಮಿಲ್ಲಿಗೆ. ಅಮ್ಮಂದಿರು ಜರಡಿ ಹಿಡಿದು ಮೇಲೆ ಉಳಿದ ನುಚ್ಚನ್ನು ಮತ್ತೆ ಕಲ್ಲಿಗೆ ಹಾಕುತ್ತಿದ್ದದ್ದೂ ಇದೇ ಕೆಲಸ. ಹೀಗೆ ವಾಪಸ್ ಬರುವ ಮಾಲು ಹೊಸ ಅದಿರಿನ ಎರಡೂವರೆ ಪಟ್ಟು, ಮೂರು ಪಟ್ಟು ಇರುವುದು ಮಾಮೂಲು. 100 ಟನ್ ಹೊಸತು, 250 ಟನ್ ಹಳೆಯದು, ಮಿಲ್ಲಿನೊಳಗೆ ಗಂಟೆಗೆ ಹಾದುಹೋಗುವುದು 350 ಟನ್. ಮೊದಲ ಸಲ ಕೇಳಿದವರಿಗೆ ಇದು ದಂಡದ ಓಡಾಟ ಅನ್ನಿಸುತ್ತದೆ. ನಿಜ ಉಲ್ಟಾ. ಬೇಗ ಹೊರಬಂದ ಮಾಲು ಬೇಗ ಬೇರೆಯಾಗುತ್ತದೆ. ಆಗಲೇ ಸಾಕಷ್ಟು ನುಣ್ಣಗಾದ ಪುಡಿ ಮಿಲ್ಲಿನೊಳಗೆ ಕೂತು ಏಟು ತಿನ್ನುತ್ತಾ ಕರೆಂಟು ಹಾಳು ಮಾಡುವುದಿಲ್ಲ. ಆದರೆ ಸೈಕ್ಲೋನನ್ನು ಇನ್ನೂ ನುಣುಪಿಗೆ ಬಿಗಿ ಮಾಡಿದರೆ ವಾಪಸ್ ಬರುವ ರಾಶಿ ಬೆಳೆಯುತ್ತದೆ, ಪಂಪು ಸಾಲದಾಗುತ್ತದೆ, ನೀರು ಜಾಸ್ತಿ ಬೇಕಾಗುತ್ತದೆ. ಕಾಗದದ ಮೇಲೆ ಮಿಲ್ಲಿಗೆ ಇನ್ನೂ ತಾಕತ್ತು ಇದ್ದರೂ ಪಂಪು ಕೈಯೆತ್ತಿಬಿಡುತ್ತದೆ.

ಈ ಕಡೆ ಆಪರೇಟರ್ ಕಿವಿಯ ಬಗ್ಗೆಯೂ ಒಂದು ಮಾತು. ಅದಿರು ಕಡಿಮೆಯಾದ ಮಿಲ್ಲು ಗಣಗಣ ಬಡಿದುಕೊಳ್ಳುತ್ತದೆ, ಉಕ್ಕಿಗೆ ಉಕ್ಕು ಬೀಳುವ ಸದ್ದು. ಸರಿಯಾಗಿ ತುಂಬಿದ್ದರೆ ಗಡುಸಾದ ಗೊರಗೊರ. ಮಿತಿಮೀರಿ ತುಂಬಿದರೆ ಸದ್ದು ಮಂಕಾಗುತ್ತದೆ. ಮೋಟಾರಿನ ಆಂಪಿಯರ್ ಏರುವ ಬದಲು ಇಳಿಯಲು ಶುರುವಾದರೆ ಹೊಟ್ಟೆ ಕಟ್ಟಿದೆ ಅಂತಲೇ ಅರ್ಥ. ಅಷ್ಟು ದೂರ ಹೋಗುವ ಮೊದಲೇ ಇನ್ನೊಂದು ಮೋಸ ಸದ್ದಿಲ್ಲದೆ ನಡೆದಿರುತ್ತದೆ. ಟನ್ ತೋರಿಸಬೇಕು ಅಂತ ಮಿಲ್ಲಿಗೆ ಅದಿರು ಹಾಕುವ ಬೆಲ್ಟಿನ ವೇಗ ಸ್ವಲ್ಪ ಏರಿಸಿದರೆ ಆಂಪಿಯರ್ ಬದಲಾಗುವುದಿಲ್ಲ, ಸದ್ದೂ ಚೆನ್ನಾಗಿಯೇ ಇರುತ್ತದೆ. 75 ಮೈಕ್ರಾನ್ ಇದ್ದದ್ದು ಮೆಲ್ಲಗೆ 90 ಆಗಿರುತ್ತದೆ, ಅಷ್ಟೇ. ಟನ್ನಿನ ಹೆಮ್ಮೆ ಶಿಫ್ಟ್ ರಿಪೋರ್ಟಿನಲ್ಲಿ, ಕಳೆದುಕೊಂಡ ಲೋಹ ಟೇಲಿಂಗ್ಸ್ ಅನ್ನುವ ತ್ಯಾಜ್ಯದ ಕೆರೆಯಲ್ಲಿ.

ಹಾಗಾದರೆ ಇಷ್ಟು ಕಷ್ಟಪಟ್ಟು ನುಣ್ಣಗೆ ಅರೆಯುವುದೇ ಯಾಕೆ? ಲೋಹ ಕಲ್ಲಿನೊಳಗೆ ಬಂಧಿಯಾಗಿರುತ್ತದೆ, ಅದಕ್ಕೆ. ರಾಯಚೂರು ಜಿಲ್ಲೆಯ ಹಟ್ಟಿಯ ಅದಿರಿನಲ್ಲಿ ಚಿನ್ನ ಟನ್ನಿಗೆ ಕೆಲವೇ ಗ್ರಾಂ. ಅದೂ ಬೆಣಚುಕಲ್ಲಿನಲ್ಲಿ, ಪೈರೈಟ್, ಆರ್ಸೆನೋಪೈರೈಟ್ ಖನಿಜಗಳ ಸಹವಾಸದಲ್ಲಿ ಇರುತ್ತದೆ. ಸೈನೈಡ್ ದ್ರಾವಣ ಚಿನ್ನದ ಕಣವನ್ನು ಮುಟ್ಟಿದರೆ ಮಾತ್ರ ಕರಗಿಸುತ್ತದೆ. ಕಾಳಿನ ನಡುವೆ ಹೂತುಹೋದ ಚಿನ್ನ ಅದಕ್ಕೆ ಕಾಣುವುದೇ ಇಲ್ಲ. ಕಲ್ಲು ಅರೆಯುವುದು ಶಕ್ತಿಯ ಹಸಿವು ಅನ್ನುವುದು ನಮ್ಮ ನಾಡಿಗೆ ಹಳೆಯ ಸಂಗತಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಬೆಂಗಳೂರಿನ ಬೀದಿದೀಪಕ್ಕೂ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ.

ಕುದುರೆಮುಖದ್ದು ಬೇರೆ ತರಹ. ಅಲ್ಲಿನ ಮ್ಯಾಗ್ನೆಟೈಟ್ ಕಲ್ಲಿನಲ್ಲಿ ಕಬ್ಬಿಣ 38 ಪ್ರತಿಶತದ ಆಸುಪಾಸು. ಅದನ್ನು ಅರೆದು, ಬೆಣಚುಕಲ್ಲನ್ನು ಬೇರೆ ಮಾಡಿ, 67 ಪ್ರತಿಶತದ ಹತ್ತಿರಕ್ಕೆ ಏರಿಸಿ, 67 ಕಿಲೋಮೀಟರ್ ಪೈಪಿನಲ್ಲಿ ಸ್ಲರಿಯಾಗಿಯೇ ಮಂಗಳೂರಿಗೆ ಇಳಿಸುತ್ತಿದ್ದರು. ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಉಳಿದ ಪುಡಿ ಲಖ್ಯಾ ಅಣೆಕಟ್ಟಿನ ಹಿಂದೆ ಕೂತಿದೆ. ಮಂಗಳೂರಿನಲ್ಲಿ ಪೆಲೆಟ್, ಅಂದರೆ ಅದಿರಿನ ಪುಡಿಯ ಉಂಡೆ ಕಟ್ಟುತ್ತಾರಲ್ಲ, ಪೆಲೆಟ್‌ಗೆ ಬೇಕಾದ ನುಣುಪಿನ ಉದ್ದೇಶವೇ ಬೇರೆ. ಅಲ್ಲಿ ಬಂಧಿ ಬಿಡಿಸುವ ಮಾತಲ್ಲ, ಉಂಡೆ ಕಟ್ಟುವ ಮಾತು. ಒರಟು ಮರಳಿಗೆ ನೀರು ಹಾಕಿ ಉಂಡೆ ಕಟ್ಟಿ ನೋಡಿ, ಉದುರುತ್ತದೆ. ಜೇಡಿಮಣ್ಣಾದರೆ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಜರಡಿಯ ಅಳತೆ ಸಾಲದೆ, ಒಂದು ಗ್ರಾಂ ಪುಡಿಗೆ ಎಷ್ಟು ಚದರ ಸೆಂಟಿಮೀಟರ್ ಮೇಲ್ಮೈ ಅಂತ ಅಳೆಯುತ್ತಾರೆ. ಸಿಮೆಂಟಿನವರು ಬಳಸುವ ಬ್ಲೇನ್ ಅಳತೆಯೇ ಅದು.

ನುಣುಪು ಜಾಸ್ತಿಯಾದರೆ ಯಾವಾಗಲೂ ಒಳ್ಳೆಯದು ಅಂತಲೂ ಇಲ್ಲ. ತೀರಾ ಸಣ್ಣ ಪುಡಿ, ಉದಾಹರಣೆಗೆ 10 ಮೈಕ್ರಾನ್‌ಗಿಂತ ಕೆಳಗಿನದು, ಲೋಳೆಯಂತಾಗಿ ನೀರಿನಲ್ಲಿ ತೇಲಿಕೊಂಡೇ ಇರುತ್ತದೆ. ನೊರೆಯಲ್ಲಿ ಖನಿಜ ಎತ್ತುವ ಫ್ಲೋಟೇಶನ್‌ನಲ್ಲಿ ಅದು ಗುಳ್ಳೆಗೆ ಅಂಟುವುದು ಕಷ್ಟ. ಬಿಡುಗಡೆಯಾದ ಲೋಹವೇ ಕೈತಪ್ಪಿ ಹೋಗುತ್ತದೆ.

ಈಗ ತಕ್ಕಡಿ ಹಿಡಿಯುವ ಕೆಲಸ. ನಮ್ಮ ಅದೇ ಮಿಲ್ಲಿಗೆ ಟನ್ನಿಗೆ 3 ಗ್ರಾಂ ಚಿನ್ನ ಇರುವ ಅದಿರು ಹಾಕೋಣ. 106 ಮೈಕ್ರಾನ್‌ನಲ್ಲಿ ನೂರಕ್ಕೆ 88 ಪಾಲು ಚಿನ್ನ ಸಿಗುತ್ತದೆ, 75ರಲ್ಲಿ 91 ಪಾಲು ಸಿಗುತ್ತದೆ ಅಂತ ಊಹಿಸಿಕೊಳ್ಳಿ. ನುಣ್ಣಗೆ ಅರೆದದ್ದೇ ಸರಿ ಅನ್ನಿಸುತ್ತದೆ. ಆದರೆ ಗಂಟೆಯ ಲೆಕ್ಕ ನೋಡಿ. ತರಿಯಾಗಿ ಅರೆದರೆ 82 ಟನ್, ಕೈಗೆ ಬರುವ ಚಿನ್ನ 216 ಗ್ರಾಂ. ನುಣ್ಣಗೆ ಅರೆದರೆ 68 ಟನ್, 185 ಗ್ರಾಂ. ಪಾಲು ಕಡಿಮೆ ಸಿಕ್ಕರೂ ತರಿಯೇ ಗೆದ್ದಿತು!

ಅವಸರ ಬೇಡ. ಗಣಿಯಿಂದ ಮೇಲೆ ಬರುವ ಅದಿರೇ ಗಂಟೆಗೆ 60 ಟನ್ ಆದರೆ? ಆಗ ಮಿಲ್ಲು ಎರಡೂ ನುಣುಪಿನಲ್ಲಿ ಅಷ್ಟನ್ನು ಅರೆಯಬಲ್ಲದು, ತರಿಯಾಗಿ ಅರೆದರೆ ತಾಕತ್ತು ದಂಡ. 75 ಮೈಕ್ರಾನ್‌ಗೆ ಇಳಿಸಿದರೆ ಗಂಟೆಗೆ 5.4 ಗ್ರಾಂ ಚಿನ್ನ ಜಾಸ್ತಿ. ಅದಕ್ಕೆ ಲೆಕ್ಕದ ಪ್ರಕಾರ ಸುಮಾರು 154 ಯೂನಿಟ್ ಹೆಚ್ಚಿಗೆ ಬೇಕು. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 1,200 ರೂಪಾಯಿ ಚಿಲ್ಲರೆ. ಐದು ಗ್ರಾಂ ಚಿನ್ನದ ಬೆಲೆ ಎಷ್ಟು ಅಂತ ಒಡವೆ ಅಂಗಡಿಗೆ ಹೋದವರಿಗೆಲ್ಲ ಗೊತ್ತು. ಗುಂಡು ಸವೆಯುವ ಖರ್ಚು ಸೇರಿಸಿದರೂ ಲಾಭವೇ. ಅಂದರೆ ಅದಿರು, ಮಿಲ್ಲು ಒಂದೇ ಆಗಿದ್ದರೂ ಸರಿಯಾದ ನುಣುಪು ಎರಡು. ಇಕ್ಕಟ್ಟು ಮಿಲ್ಲಿನಲ್ಲಿ ಇದೆಯೋ ಗಣಿಯಲ್ಲಿ ಇದೆಯೋ ಅನ್ನುವುದು ಅದನ್ನು ತೀರ್ಮಾನಿಸುತ್ತದೆ. ಕಬ್ಬಿಣದ ಅದಿರಿನಲ್ಲಿ ಈ ಉದಾರತೆ ನಡೆಯುವುದಿಲ್ಲ. ಟನ್ನಿನ ಬೆಲೆಯೇ ಸಾವಿರಗಳ ಲೆಕ್ಕದಲ್ಲಿ ಇರುವಾಗ ಟನ್ನಿಗೆ ಎರಡು ಮೂರು ಯೂನಿಟ್ಟೂ ಕಣ್ಣಿಗೆ ಕುಕ್ಕುತ್ತದೆ.

ಎರಡೂ ಬೇಕು ಅನ್ನುವವರಿಗೆ ಒಂದು ಉಪಾಯ ಇದೆ. ಎಲ್ಲವನ್ನೂ ನುಣ್ಣಗೆ ಅರೆಯಬೇಡಿ. ಮೊದಲು ತರಿಯಾಗಿ ಅರೆದು, ಖನಿಜ ಅಂಟಿಕೊಂಡಿರುವ ಕಾಳುಗಳನ್ನು ಫ್ಲೋಟೇಶನ್‌ನಲ್ಲಿ ಆರಿಸಿ, ಬರಿಯ ಕಲ್ಲನ್ನು ಅಲ್ಲೇ ಆಚೆ ಬಿಡಿ. ಉಳಿದ ಸಣ್ಣ ಪಾಲನ್ನು ಮಾತ್ರ ಮತ್ತೆ ಅರೆಯಿರಿ. ನೂರು ಟನ್ನಿನ ಬದಲು ಹತ್ತು ಹದಿನೈದು ಟನ್ನಿಗೆ ದುಬಾರಿ ಅರೆತ ಅಂದರೆ ಹೊರೆ ತಡೆಯಬಹುದು.

ಈ ದಾರಿಯ ಕೊನೆಯ ತುದಿಯಲ್ಲಿ ಇರುವುದು ಆಸ್ಟ್ರೇಲಿಯಾದ ಮ್ಯಾಕ್‌ಆರ್ಥರ್ ರಿವರ್. 1955ರಲ್ಲಿ ಅಲ್ಲಿ ಸತು, ಸೀಸದ ದೊಡ್ಡ ನಿಕ್ಷೇಪ ಸಿಕ್ಕಿತು. ಆದರೆ ಖನಿಜದ ಕಣಗಳು ಎಷ್ಟು ಸಣ್ಣದಾಗಿ ಹೆಣೆದುಕೊಂಡಿದ್ದವು ಅಂದರೆ ಬಿಡಿಸಲು 7 ಮೈಕ್ರಾನ್‌ಗೆ ಅರೆಯಬೇಕಿತ್ತು. ನಮ್ಮ ಲೆಕ್ಕದ 1,000 ಕಿಲೋವ್ಯಾಟ್ ಬಾಲ್ ಮಿಲ್ಲಿಗೆ ಆ ಕೆಲಸ ಕೊಟ್ಟು, ಸೂತ್ರವನ್ನೂ ಆ ತಿದ್ದುಪಡಿಯ ಗುಣಕವನ್ನೂ ಅವುಗಳ ಮಿತಿ ಮೀರಿ ಎಳೆದು ನೋಡಿದರೆ ಬರುವುದು ಗಂಟೆಗೆ 9 ಟನ್. 122 ಟನ್ನಿನ ಮಿಲ್ಲು 9 ಟನ್! ನಿಕ್ಷೇಪ ನಲವತ್ತು ವರ್ಷ ಹಾಗೇ ಬಿದ್ದಿತ್ತು. ಕೊನೆಗೆ 1995ರಲ್ಲಿ ಅದನ್ನು ತೆರೆದದ್ದು ಐಸಾಮಿಲ್ ಅನ್ನುವ ಯಂತ್ರ. ಅದರಲ್ಲಿ ಡ್ರಮ್ಮು ತಿರುಗುವುದಿಲ್ಲ, ಒಳಗಿನ ತಟ್ಟೆಗಳು ಜೋರಾಗಿ ತಿರುಗುತ್ತವೆ. ಅರೆಯುವುದಕ್ಕೆ ಮುಷ್ಟಿ ಗಾತ್ರದ ಉಕ್ಕಿನ ಗುಂಡಿಲ್ಲ, ಕೆಲವೇ ಮಿಲಿಮೀಟರಿನ ಮಣಿಗಳು, ಕಾಳುಗಳು. ಗಣಿಯವರು ಈ ಯಂತ್ರದ ಮೂಲ ಹುಡುಕಿದ್ದು ಗಣಿಗಳಲ್ಲಿ ಅಲ್ಲ, ಬಣ್ಣ ಮತ್ತು ಶಾಯಿ ಅರೆಯುವ ಕಾರ್ಖಾನೆಗಳಲ್ಲಿ.